ನದಾಫರ ಮನೆಯ ಬೂರಗ

ನಮ್ಮ ಮನೆಯಲ್ಲಿ ಊಟದ ತಟ್ಟೆಗೂ ಮುಚ್ಚಳವಿತ್ತು. ಬೇರೆಯವರ ಮನೆಗಳಲ್ಲಿ ಪಾತ್ರೆಗಷ್ಟೇ ಮುಚ್ಚಳ ಎಂಬುದು ನನಗೆ ತಿಳಿದದ್ದು ಶಾಲೆಗೆ ಸೇರಿದ ಮೇಲೆ, ಎದುರುಮನೆಯ ಬಸಮ್ಮನವರ ಪಡಸಾಲೆಯಲ್ಲಿ ಮಂಡಕ್ಕಿ ತಿನ್ನಲು ಕೂತಾಗ. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ತಟ್ಟೆಯ ಮೇಲೆ ಅಂಗೈ ಮುಚ್ಚಿ ಅಗಿಯುತ್ತಿದ್ದ ನನ್ನನ್ನು ಅವರು ಸ್ವಲ್ಪ ಹೊತ್ತು ನೋಡಿದರು.

"ಯಾಕವ್ವಾ ಮಾಬೂಬಿ, ಯಾರಾದ್ರೂ ಕಸಗೊಂಡು ಹೋಗ್ತಾರೇನು?"

ಯಾರೂ ಕಸಿದುಕೊಳ್ಳುವುದಿಲ್ಲ, ಮೇಲಿಂದ ಬೀಳುತ್ತದೆ ಎಂದು ಹೇಳಿದೆನಂತೆ. ಬಸಮ್ಮನವರು ಮೇಲೆ ನೋಡಿದರಂತೆ. ಅವರ ಅಟ್ಟದಲ್ಲಿ ಬೀಳುವಂಥದ್ದೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಗಾಳಿಯಲ್ಲೇ ಅರಳೆ ಇರುತ್ತಿತ್ತು. ಅಪ್ಪ ಇಮಾಮಸಾಬ ಅರಳೆ ಹಿಂಜುವವನು. ಶಿಕಾರಿಪುರದ ನಮ್ಮ ಮನೆಯ ಬೀದಿಕೋಣೆಯೇ ಅವನ ಕೆಲಸದ ಜಾಗ. ಆಳೆತ್ತರದ ಬಿಲ್ಲು, ಅದಕ್ಕೆ ಬಿಗಿದ ನರದ ಹುರಿ, ಹುರಿಗೆ ಹೊಡೆಯಲು ಕಟ್ಟಿಗೆಯ ಒಂದು ಗುಂಡು. ಅವನು ಹೊಡೆದಾಗ ಹುರಿ ಟ್ರೊಂಯ್ ಎಂದು ನಡುಗುವುದು, ಗಂಟುಗಟ್ಟಿದ ಹಳೇ ಅರಳೆ ಬಿಡಿಬಿಡಿಯಾಗಿ ಉಬ್ಬಿ ಏಳುವುದು. ಅದರಲ್ಲಿ ಒಂದಿಷ್ಟು ಯಾವಾಗಲೂ ಒಳಗೆ ಬಂದು ನಮ್ಮ ಹುಬ್ಬಿನ ಮೇಲೆ, ನೀರಿನ ಕೊಡದ ಮೇಲೆ, ಅಜ್ಜಿ ಜಪ ಮಾಡುವ ತಸ್‌ಬಿ ಮಣಿಗಳ ನಡುವೆ ಕೂರುತ್ತಿತ್ತು. ತಟ್ಟೆಯ ಮುಚ್ಚಳದ ವಿಷಯ ನನ್ನ ತಮ್ಮನನ್ನು ಕೇಳಿದರೆ, "ರೊಟ್ಟಿ ಬುಟ್ಟಿಗಿತ್ತಕ್ಕ, ತಟ್ಟೆಗೆಲ್ಲಿತ್ತು" ಅನ್ನುತ್ತಾನೆ. ಇರಬಹುದು. ಆದರೆ ಇವತ್ತಿಗೂ ಹೋಟೆಲಿನಲ್ಲಿ ನನ್ನ ಎಡಗೈ ತಾನಾಗಿ ತಟ್ಟೆಯ ಮೇಲೆ ಬರುತ್ತದೆ. ಕೈ ನನಗಿಂತ ಚೆನ್ನಾಗಿ ನೆನಪಿಟ್ಟಿದೆಯೋ, ಅದೂ ನನ್ನ ಹಾಗೆಯೇ ಕಥೆ ಕಟ್ಟುತ್ತಿದೆಯೋ ಗೊತ್ತಿಲ್ಲ.

ಇದನ್ನೆಲ್ಲ ಬರೆಯಲು ಕೂತದ್ದು ಆ ತಮ್ಮನ ಮೊಮ್ಮಗಳು ಆಯಿಶಾಳಿಂದ. ಕಾಲೇಜಿನಲ್ಲಿ ಓದುವ ಹುಡುಗಿ, ಬೇಸಿಗೆ ರಜೆಗೆ ನನ್ನ ಹತ್ತಿರ ಬಂದಿದ್ದಳು. ಒಂದು ಮಧ್ಯಾಹ್ನ ಫೋನಿನಲ್ಲಿ ಏನನ್ನೋ ಓದುತ್ತಿದ್ದವಳು ಎದ್ದು ಕೂತಳು.

"ಅಜ್ಜೀ, ನದಾಫ ಅನ್ನೋದು ಅರಬ್ಬೀ ಹೆಸರಂತೆ. ಯಾವ ದೇಶದಾಗೆ ಎಷ್ಟು ಮಂದಿ ಅದಾರೆ ಅಂತ ನಕಾಶೆ ಹಾಕ್ಯಾರೆ. ಹಂಗಾರೆ ನಾವು ಅಲ್ಲಿಂದ ಬಂದೋರಾ?"

"ನಾವು ಶಿಕಾರಿಪುರ ಬಸ್‌ಸ್ಟ್ಯಾಂಡಿನ ಹಿಂದ್ಲಿಂದ ಬಂದೋರು."

ಅವಳಿಗೆ ಈ ಉತ್ತರ ಸಾಲಲಿಲ್ಲ. ನಕಾಶೆ ತೋರಿಸಿದಳು. ನಮ್ಮ ದೇಶದ ಮೇಲೆ ಬಣ್ಣ ದಟ್ಟವಾಗಿತ್ತು, ನೇಪಾಳದ ಮೇಲೆ ಒಂದಿಷ್ಟು, ಅರಬ್ ನಾಡುಗಳ ಮೇಲೆ ಅಲ್ಲಲ್ಲಿ ತೆಳುವಾಗಿ. ಅಂಕಿಗಳೂ ಇದ್ದವು, ಯಾರು ಎಣಿಸಿದರೋ. ನಾನು ವಿಶ್ವವಿದ್ಯಾಲಯಕ್ಕೆ ಹೋದಾಗ ಹಾಸ್ಟೆಲಿನಲ್ಲಿ ಗದಗ, ಹಾವೇರಿ ಕಡೆಯ ನದಾಫರು ಬೇಕಾದಷ್ಟು ಸಿಕ್ಕಿದ್ದರು. ಒಬ್ಬಳ ಅಪ್ಪ ಲಾರಿ ಇಟ್ಟಿದ್ದ, ಇನ್ನೊಬ್ಬಳ ಅಪ್ಪ ಪೊಲೀಸು. ಬಿಲ್ಲು ಮುಟ್ಟಿದವರು ಅವರ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ನಮ್ಮ ಜನರಲ್ಲಿ ಕೆಲಸ ಕಡಿಮೆಯಾದಂತೆ ಹೆಸರು ಹೆಚ್ಚಿತು ಎಂದು ಅವತ್ತಿನ ದಿನಚರಿಯಲ್ಲಿ ಬರೆದಿದ್ದೇನೆ. ಆ ವಯಸ್ಸಿನಲ್ಲಿ ಇಂಥ ವಾಕ್ಯ ಬರೆಯುವುದು ನನಗೆ ಬಹಳ ಇಷ್ಟವಾಗುತ್ತಿತ್ತು.

ನನ್ನ ಬಾಲ್ಯದಲ್ಲಿ ನಾವು ಪಿಂಜಾರರು. ಬೀದಿಯವರಿಗೂ ನಮಗೂ ಅದು ಒಂದೇ ಪದ. ನದಾಫ ಎಂಬ ಹೆಸರನ್ನು ಮನೆಗೆ ತಂದವನು ಅಪ್ಪನ ತಮ್ಮ ದಾದಾಪೀರ ಕಾಕಾ. ಅವನು ಹುಬ್ಬಳ್ಳಿಯಲ್ಲಿ ಕೆಲವು ಕಾಲ ಕೆಲಸ ಮಾಡಿ ಬಂದವನು. ಬರುವಾಗ ಕರೆಂಟಿನಲ್ಲಿ ನಡೆಯುವ ಹಿಂಜುವ ಮಷಿನ್ ತಂದ, ಅದರ ಜೊತೆಗೆ ನೀಲಿ ಬಣ್ಣದ ಒಂದು ತಗಡಿನ ಬೋರ್ಡು. ಬೋರ್ಡಿನ ಮೇಲೆ 'ನದಾಫ ಅರಳೆ ಅಂಗಡಿ' ಎಂದು ಬರೆಸಿದ್ದ. ಅಜ್ಜಿ ಹುಸೇನಬಿಗೆ ಓದು ಬರುತ್ತಿರಲಿಲ್ಲ. ಹೊಸ್ತಿಲಲ್ಲಿ ಕೂತು ಓದಿಸಿ ಕೇಳಿದಳು. ಆಮೇಲೆ ನಡೆದ ಮಾತನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಆಡಿ ನಕ್ಕಿದ್ದಾರೆಂದರೆ, ನಾನು ಅಲ್ಲಿದ್ದೆನೋ ಇಲ್ಲವೋ ಎಂಬುದೇ ಮುಖ್ಯವಲ್ಲದಂತಾಗಿದೆ.

"ನದಾಫ ಅಂದ್ರೇನಪ್ಪಾ?"

"ಅರಬ್ಬೀ ಮಾತವ್ವ. ಅರಳೆ ಹಿಂಜೋನು ಅಂತ."

"ಪಿಂಜಾರ ಅಂದ್ರೆ?"

"ಅದೂ ಅರಳೆ ಹಿಂಜೋನೇ."

"ಮತ್ತೆ ಅರಬ್‌ಸ್ತಾನದ ತನಕ ಯಾಕ್ ಹೋದಿ? ಇಲ್ಲೇ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ."

ಕಾಕಾ ಬೋರ್ಡು ಹಾಕಿಯೇ ಹಾಕಿದ. ಅಜ್ಜಿ ಬೇಡವೆನ್ನಲಿಲ್ಲ. ಬೋರ್ಡಿನ ಕೆಳಗೆ ಒಂದು ಮೊಳೆ ಹೊಡೆಸಿ, ಅಪ್ಪ ಕೆಲಸ ಮುಗಿಸಿದ ಮೇಲೆ ಬಿಲ್ಲನ್ನು ಅಲ್ಲೇ ತೂಗುಹಾಕಬೇಕೆಂದು ಹೇಳಿದಳು. ಅಷ್ಟು ದಿನ ಒಳಗೆ ಮೂಲೆಯಲ್ಲಿರುತ್ತಿದ್ದ ಬಿಲ್ಲು ಹೀಗೆ ಬೀದಿಗೆ ಕಾಣುವಂತಾಯಿತು. ತಾಯಿ ಮಗನ ನಡುವೆ ನಡೆದ ಜಗಳವೆಂದರೆ ಇಷ್ಟೇ. ಮಾತಿಲ್ಲದೆ ಒಬ್ಬರ ಕೆಳಗೆ ಇನ್ನೊಬ್ಬರು ತೂಗುಹಾಕಿದ್ದು.

ಮನೆಯಲ್ಲಿ ಎಲ್ಲರೂ ಒಪ್ಪಿದ್ದ ಸಂಗತಿ ಒಂದಿತ್ತು, ಅದು ಬೆಂಕಿಯ ಭಯ. ಬೀದಿಕೋಣೆಯಲ್ಲಿ ಅರಳೆ, ನಡುವೆ ಮಲಗುವ ಕೋಣೆ, ಅದರಾಚೆ ಹಿತ್ತಲಿಗೆ ಅಂಟಿದ ಅಡುಗೆಮನೆ. ಒಲೆ ಇದ್ದದ್ದು ಕಟ್ಟಕಡೆಯ ಗೋಡೆಗೆ. ಗುರುವಾರ ಲೋಬಾನದ ಹೊಗೆ ಹಾಕುವಾಗ ಅಜ್ಜಿ ಕೆಂಡದ ಬಟ್ಟಲನ್ನು ಹಿತ್ತಲಲ್ಲೇ ಇಟ್ಟುಕೊಂಡು, ಬೀಸಣಿಗೆಯಿಂದ ಹೊಗೆಯನ್ನಷ್ಟೇ ಒಳಗೆ ಕಳಿಸುತ್ತಿದ್ದಳು. ದೀಪಾವಳಿಯಲ್ಲಿ ಬೀದಿಯ ಹುಡುಗರು ನಮ್ಮ ಮನೆ ದಾಟಿ ಹೋಗಿ ಪಟಾಕಿ ಹಚ್ಚುತ್ತಿದ್ದರು. ಅದು ಯಾರೂ ಹೇಳಿಕೊಡದೆ ನಡೆದು ಬಂದದ್ದು. ಹತ್ತಿಯ ಅರಳೆಗೇ ಇಷ್ಟು ಭಯವಾದರೆ ಬೂರಗಕ್ಕೆ, ಅಂದರೆ ಮರದ ಕಾಯಿಯಿಂದ ಬರುವ ಅರಳೆಗೆ, ಇನ್ನೂ ಹೆಚ್ಚು. ಸೊರಬದ ಕಡೆ ಬೂರಗದ ಮರಗಳು ಜಾಸ್ತಿ. ಬೇಸಿಗೆಯಲ್ಲಿ ಕಾಯಿ ಒಡೆದಾಗ ಅಲ್ಲಿಂದ ಚೀಲಗಳಲ್ಲಿ ಬರುತ್ತಿತ್ತು, ತಲೆದಿಂಬಿಗೆ ತುಂಬಲು. ಹತ್ತಿಗೆ ಭಾರವಿದೆ, ಬೂರಗಕ್ಕಿಲ್ಲ. ಬಿಲ್ಲಿಗೆ ಹಾಕಿದರೆ ಹಾರಿಹೋಗುತ್ತದೆ. ಅದಕ್ಕೇ ಬೂರಗವನ್ನು ಹಿಂಜುವುದಿಲ್ಲ. ಕಿಟಕಿ ಬಾಗಿಲು ಹಾಕಿ, ಬಟ್ಟೆಯೊಳಗಿಟ್ಟು ಕೋಲಿನಿಂದ ಮೆಲ್ಲಗೆ ಬಡಿದು, ಹಾಗೇ ದಿಂಬಿಗೆ ತುಂಬಬೇಕು. ಚೀಲದ ಬಾಯಿ ಬಿಚ್ಚುವ ಮೊದಲು ಅಜ್ಜಿ ಅಡುಗೆಮನೆಯ ಕಡೆ ತಿರುಗಿ "ಒಲೆ ಆರಿಸ್ರಿ" ಎಂದು ಕೂಗುವಳು. ಒಳಗಿನಿಂದ "ಆರಿತು" ಎಂದು ಉತ್ತರ ಬರುವ ತನಕ ಗಂಟಿಗೆ ಕೈ ಹಾಕುವಂತಿರಲಿಲ್ಲ. ಬೂರಗದ ದಿನ ನಮಗೆ ತಂಗಳೂಟ. ಹಾಗಾಗಿ ಬೂರಗವೆಂದರೆ ನನಗೆ ಇವತ್ತಿಗೂ ತಣ್ಣಗಿನ ಮಜ್ಜಿಗೆ ಅನ್ನ, ಉಪ್ಪಿನಕಾಯಿ.

ಆ ಬೂರಗದ ವ್ಯಾಪಾರದಿಂದಲೇ ಖಾಸಿಂಬಿ ಅತ್ತೆಯ ಸಂಬಂಧ ಕುದುರಿದ್ದು. ಅತ್ತೆ ಅಪ್ಪನ ಕಡೇ ತಂಗಿ. ಅಡುಗೆಮನೆ ಅವಳದೇ, ಅವ್ವನಿಗೆ ಹೊಲಿಗೆ ಕೆಲಸ. ಅಜ್ಜಿಯ ಜೊತೆ ಬೂರಗ ತರಲು ಸೊರಬಕ್ಕೆ ಹೋದಾಗ ಅಲ್ಲೊಬ್ಬ ಮಾಸ್ತರರ ಮನೆಯ ಹಿತ್ತಲಲ್ಲಿ ದೊಡ್ಡ ಮರವಿತ್ತು. ಅವರೂ ನಮ್ಮವರೇ, ಊರಲ್ಲಿ ಅವರಿಗೆ ನದಾಫ ಮಾಸ್ತರು ಎಂದೇ ಹೆಸರು. ಅವರ ಮಗ ಬಾಷಾ ಟೇಲರು. ಕಾಯಿ ಆರಿಸುವಾಗ ಅತ್ತೆ ಅವನನ್ನೂ ಅವನು ಅತ್ತೆಯನ್ನೂ ನೋಡಿದರಂತೆ. ಇದು ಅತ್ತೆ ನನಗೆ ಹೇಳಿದ್ದಲ್ಲ. ಅವಳು ಹೇಳಿದ್ದು ಬೇರೆ. ನಾನು ಶಾಲೆಯಿಂದ ಬಂದ ಕೂಡಲೇ ಮುಖ ತೊಳೆಸುತ್ತಾ ಕೇಳುವಳು:

"ಬಸ್‌ಸ್ಟ್ಯಾಂಡ್ ಮೇಲಿಂದ ಬಂದೆಲ್ಲಾ, ಸೊರಬದ ಬಸ್ಸು ಬಂದಿತ್ತೇನೇ?"

"ಬಂದಿತ್ತು."

"ಯಾರಾದ್ರೂ ಇಳಿದ್ರಾ?"

ಯಾರೋ ಇಳಿಯುತ್ತಿದ್ದರು, ಅದು ಬಸ್ಸಲ್ಲವೇ. ನಾನು ಇಳಿದವರ ಅಂಗಿಯ ಬಣ್ಣ ಹೇಳುವೆ. ಅತ್ತೆ ಗಮನವಿಟ್ಟು ಕೇಳಿ, ಬೆಲ್ಲದ ಚೂರು ಕೊಡುವಳು. ಬೆಲ್ಲದ ಆಸೆಗೆ ಬರದ ಬಸ್ಸನ್ನೂ ಬಂತೆಂದು ಹೇಳಿರಬಹುದು.

ಮಾತುಕತೆ ನಿಂತದ್ದು ಬಿಲ್ಲಿನ ಮೇಲೆ. ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹುಡುಗಿಯ ಮದುವೆಯ ಗಾದಿಗೆ ಬೇಕಾದ ಅರಳೆಯನ್ನು ಅವಳ ಅಣ್ಣ ಬಿಲ್ಲು ಹೊತ್ತುಕೊಂಡು ಹೋಗಿ, ಗಂಡಿನ ಮನೆಯ ಕಟ್ಟೆಯ ಮೇಲೆ ಕೂತು ಹಿಂಜಬೇಕು. ಮದುವೆಗೆ ಮುಂಚೆ, ಹಗಲು ಹೊತ್ತಿನಲ್ಲಿ, ಬೀದಿಯವರೆಲ್ಲ ಕೇಳುವ ಹಾಗೆ. ಅಜ್ಜಿ ಹೇಳುತ್ತಿದ್ದಳು, ಮೊದಲು ಸದ್ದು ಹೋಗಬೇಕು, ಆಮೇಲೆ ಹುಡುಗಿ. ಯಾರ ಮನೆಯ ಮಗಳು ಬರುತ್ತಿದ್ದಾಳೆಂದು ಆ ಬೀದಿಗೆ ತಿಳಿಯಲಿ ಅಂತ. ಮಾಸ್ತರರು ಇದಕ್ಕೆ ಒಪ್ಪಲಿಲ್ಲ. ಹುಡುಗಿ ಒಪ್ಪಿಗೆ, ಮನೆತನ ಒಪ್ಪಿಗೆ, ಮದುವೆಯ ಕಾಗದದಲ್ಲಿ ನದಾಫ ಎಂದು ಹಾಕಿಸಿ, ಗಾದಿಯನ್ನು ಶಿಕಾರಿಪುರದಲ್ಲೇ ಹೊಲಿಸಿ ತನ್ನಿ, ಬಿಲ್ಲು ಮಾತ್ರ ನಮ್ಮ ಬೀದಿಗೆ ಬೇಡ ಎಂದರು. ವಾಪಸು ಬರುವಾಗ ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ ಅಜ್ಜಿ "ಬಿಲ್ಲು ಹೋಗದ ಮನೆಗೆ ನಮ್ಮ ಹುಡುಗಿ ಹೋಗಾದಿಲ್ಲ" ಎಂದಳಂತೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಕಿಟಕಿಯ ಕಡೆ ಮುಖ ಮಾಡಿದಳಂತೆ. ಅಂದಿನಿಂದ ಅತ್ತೆ ಬಸ್ಸಿನ ಮಾತು ಕೇಳುವುದನ್ನು ಬಿಟ್ಟಳು. ಬೆಲ್ಲವೂ ನಿಂತಿತು. ಅವಳ ದುಃಖ ನನಗೆ ಆಗ ಅರ್ಥವಾಗಿದ್ದು ಬೆಲ್ಲದ ಲೆಕ್ಕದಲ್ಲಿ ಮಾತ್ರ.

ಆದರೂ ಮಾತು ಪೂರ್ತಿ ಮುರಿದಿರಲಿಲ್ಲ. ಒಂದು ದಿನ ಬೆಳಿಗ್ಗೆ ಮಾಸ್ತರರು, ಅವರ ಹೆಂಡತಿ, ಬಾಷಾ ಮೂವರೂ ನಮ್ಮ ಮನೆಗೆ ಬಂದರು, ಕಡೆಯ ಮಾತು ಆಡಲು. ಬರಿಗೈಯಲ್ಲಿ ಬರಬಾರದೆಂದು ತಮ್ಮ ಮರದ ಬೂರಗವನ್ನು ಒಂದು ಚೀಲ ತುಂಬಿ ತಂದಿದ್ದರು. ಆವತ್ತು ಅತ್ತೆ ಅಡುಗೆಮನೆ ಬಿಟ್ಟು ಬರುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಗಂಡಿನವರ ಮುಂದೆ ಹುಡುಗಿಯ ದನಿ ಕೇಳಬಾರದು ಎಂಬುದು ಆಗಿನ ಮಾತು. ಒಳಗೆ ಸಿಹಿ ಚೊಂಗೆ ಕರಿಯುವ ವಾಸನೆ. ಅವ್ವ ನೀರು ತರಲು ಹಿತ್ತಲಿಗೆ ಹೋಗಿದ್ದಳು. ಬೀದಿಕೋಣೆಯಲ್ಲಿ ಅರಳೆ ಒತ್ತಿಟ್ಟು, ಜಮಖಾನ ಹಾಸಿ ಎಲ್ಲರನ್ನೂ ಕೂರಿಸಿದ್ದರು. ನಾನು ನಡುಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಮಾಸ್ತರರು ಮೇಲಿನ ಬೋರ್ಡನ್ನೂ ಕೆಳಗಿನ ಬಿಲ್ಲನ್ನೂ ನೋಡಿಕೊಂಡೇ ಒಳಗೆ ಬಂದಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲು.

"ನೋಡಿ ಹುಸೇನಬಿಯವರೇ, ನಂಗೆ ನಿಮ್ಮ ಕೆಲಸದ ಮೇಲೆ ಎಂತ ಬೇಜಾರೂ ಇಲ್ಲ."

"ಕೆಲಸದ ಮ್ಯಾಲೆ ಇಲ್ಲ, ಬಿಲ್ಲಿನ ಮ್ಯಾಲೆ ಐತಿ."

"ನಮ್ಮ ಬೀದಿ ಒಂದು ಥರ ಮಾರಾಯ್ರೆ. ನಿಮಗೆ ಗೊತ್ತಾಗೂದಿಲ್ಲ."

"ಹೇಳಿದ್ರೆ ಗೊತ್ತಾಗ್ತೈತಿ."

ಅವರು ಹೆಗಲ ಟವೆಲು ಸರಿಮಾಡಿಕೊಂಡರು. ಎಲ್ಲರೂ ಜಮಖಾನದ ಬಣ್ಣ ನೋಡತೊಡಗಿದರು. ಬಾಷಾ ತನ್ನ ಅಂಗಿಯ ಗುಂಡಿ ತಿರುಗಿಸುತ್ತಿದ್ದ. ಮಾತು ಬೇರೆ ಕಡೆ ತಿರುಗಿಸಲೆಂದು ಕಾಕಾ ಎದ್ದ. ಮಷಿನ್ ತೋರಿಸುತ್ತೇನೆ ಎಂದ. ಬಿಲ್ಲಿನ ಅರ್ಧ ದಿನದ ಕೆಲಸವನ್ನು ಹುಬ್ಬಳ್ಳಿಯಲ್ಲಿ ಇದು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತದೆ ಎಂದ. ಒತ್ತಿಟ್ಟ ಅರಳೆ ಅತಿಥಿಗಳ ಬೆನ್ನ ಹಿಂದಿತ್ತು. ಕೈಗೆ ಸಿಕ್ಕಿದ್ದು ಅವರೇ ತಂದ ಚೀಲ.

"ದಾದಾ, ಬೂರಗ ಅದು" ಎಂದ ಅಪ್ಪ.

"ಮಷಿನ್‌ಗೆ ಹತ್ತಿ ಏನು, ಬೂರಗ ಏನು ಅಣ್ಣಾ. ಬಿಲ್ಲಲ್ಲ ಇದು."

ಅಪ್ಪ ಮತ್ತೇನೋ ಹೇಳಿದ, ಅದು ಮಷಿನ್ನಿನ ಗರಗರದಲ್ಲಿ ಕೇಳಲಿಲ್ಲ. ಕಾಕಾ ಚೀಲದ ಬಾಯಿಯನ್ನು ಹಲ್ಲುಚಕ್ರದ ಬಾಯಿಗೆ ಹಿಡಿದ. ಮುಂದಿನದನ್ನು ನಾನು ಕಣ್ಣಿನಿಂದ ನೋಡಿದೆ ಎಂದು ಪ್ರಮಾಣ ಮಾಡಿ ಹೇಳಬಲ್ಲೆ, ಆದರೆ ಏನು ನೋಡಿದೆ ಎಂದು ಹೇಳುವುದು ಕಷ್ಟ. ಕೋಣೆ ಬೆಳ್ಳಗಾಯಿತು. ಮಂಜಿನ ಹಾಗೆ ಎಂದು ಬರೆದರೆ ತಪ್ಪಾಗುತ್ತದೆ, ಮಂಜು ಇಳಿಯುತ್ತದೆ, ಇದು ಏಳುತ್ತಿತ್ತು. ಮಾಸ್ತರರ ಹುಬ್ಬು, ಮೀಸೆ, ಟೋಪಿ ಮಾಯವಾದವು. ಅವರ ಹೆಂಡತಿ ಸೆರಗಿನೊಳಗೆ ಸೀನುತ್ತಿದ್ದರು. ಬೂರಗ ಬೀದಿಬಾಗಿಲಿನಿಂದ ಹೊರಗೆ ನುಗ್ಗಿತು, ನನ್ನ ತಲೆಯ ಮೇಲಿಂದ ನಡುಕೋಣೆಗೂ ತೇಲಿಹೋಯಿತು. ಉಸಿರು ತೆಗೆದರೆ ಮೂಗಿಗೆ, ಬಾಯಿ ತೆರೆದರೆ ನಾಲಿಗೆಗೆ. ಆಗ ಆ ಬಿಳಿಯೊಳಗಿನಿಂದ, ಮಷಿನ್ನಿನ ಗರಗರವನ್ನು ಮೀರಿ, ಒಂದು ದನಿ, ಗಟ್ಟಿಯಾಗಿ, ಸ್ವಲ್ಪವೂ ಗಡಿಬಿಡಿಯಿಲ್ಲದೆ:

"ಮೊದ್ಲು ಮಷಿನ್ ಬಂದ್ ಮಾಡ್ರಿ. ಬಾಗ್ಲು ಹಾಕ್ರಿ. ಯಾರೂ ಓಡಾಡಬ್ಯಾಡ್ರಿ. ನೀರು ಚಿಮುಕಿಸ್ರಿ."

ಮಷಿನ್ ನಿಂತಿತು, ಬೀದಿಬಾಗಿಲು ಮುಚ್ಚಿತು. ಯಾರೂ ಅಲುಗಾಡಲಿಲ್ಲ. ಬಿಳಿ ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ನನಗೆ ಮೊದಲು ಕಂಡದ್ದು ಮಾಸ್ತರರು. ಅವರು ಹೆಗಲ ಟವೆಲನ್ನು ತಂಬಿಗೆಯ ನೀರಿನಲ್ಲಿ ಅದ್ದಿ ನಡುಕೋಣೆಯ ಬಾಗಿಲಿಗೆ ಅಡ್ಡ ಕಟ್ಟುತ್ತಿದ್ದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು, ಅಂಗೈ ಒದ್ದೆ ಮಾಡಿಕೊಂಡು, ಬೂರಗವನ್ನು ಮೇಲಿಂದ ಮೆಲ್ಲಗೆ ಒತ್ತುತ್ತಾ ತಮ್ಮ ಕಡೆಗೆ ಉರುಳಿಸಿಕೊಂಡರು. ಗೊತ್ತಿಲ್ಲದವರು ಬೂರಗವನ್ನು ಹಿಡಿಯಲು ಹೋಗುತ್ತಾರೆ, ಹಿಡಿದಷ್ಟೂ ಅದು ಹಾರುತ್ತದೆ. ಅವರು ಹಿಡಿಯಲಿಲ್ಲ. ಅಪ್ಪನೂ ಅವರ ಎದುರು ಕೂತು ಹಾಗೆಯೇ ಉರುಳಿಸತೊಡಗಿದ. ಇಬ್ಬರ ಕೈಗಳೂ ಒಂದೇ ಥರ ಹೋಗಿಬರುತ್ತಿದ್ದವು.

"ಮಾಸ್ತರೇ, ಕೈ ಮರ್ತಿಲ್ಲ" ಎಂದಳು ಅಜ್ಜಿ.

"ಕೈಗೆ ಎಂತ ಗೊತ್ತು, ನಾವು ಯಾವ ಹೆಸರು ಇಟ್ಕೊಂಡಿದ್ದೇವೆ ಅಂತ."

ಹೀಗೆ ಕೂತಲ್ಲೇ, ಮುಖ ಎತ್ತದೆ, ಅವರು ಹೇಳಿದರು. ಅವರ ಅಪ್ಪ ಸೊರಬದ ಸುತ್ತಿನ ಹಳ್ಳಿಗಳಿಗೆ ಬಿಲ್ಲು ಹೊತ್ತವರು. ಇವರು ಮಾಸ್ತರಾಗಿ ಅದೇ ಊರಿಗೆ ಬಂದಾಗ, ಕಪ್ಪುಹಲಗೆಯ ಕಡೆ ತಿರುಗಿದರೆ ಸಾಕು, ಹಿಂದಿನ ಸಾಲಿನಿಂದ ಯಾರೋ ಟ್ರೊಂಯ್ ಅನ್ನುವರು. ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಒಬ್ಬ ಬಿಟ್ಟು ಹೋದರೆ ಅವನ ತಮ್ಮ ಬರುತ್ತಾನೆ, ಅವನೂ ಅದನ್ನೇ ಕಲಿತಿರುತ್ತಾನೆ. ಬಿಲ್ಲು ಬೀದಿಗೆ ಬಂದರೆ ಇನ್ನು ನಿಲ್ಲುವುದೇ ಇಲ್ಲ. ಮನೆಯವರಿಗೂ ಇದನ್ನು ಹೇಳಿರಲಿಲ್ಲವೇನೋ, ಬಾಷಾ ತನ್ನ ಅಪ್ಪನ ಮುಖವನ್ನೇ ನೋಡುತ್ತಿದ್ದ. ಅಜ್ಜಿ ತಸ್‌ಬಿಯಿಂದ ಬೂರಗದ ಎಳೆ ಬಿಡಿಸಿದಳು.

"ಆ ಹುಡುಗ್ರು ಚಲೋ ಹಿಂಜೋ ಸದ್ದೇ ಕೇಳಿಲ್ಲ ಮಾಸ್ತರೇ. ಕೇಳ್ದೇ ಅಣಕಿಸ್ತಾವೆ. ಒಂದ್ಸಲ ನಮ್ಮ ಇಮಾಮ ಬಂದು ಹೊಡೀಲಿ, ಸರ್ಯಾಗಿ ಕಲ್ತ್ಕಳ್ಳಿ. ಹೆಸರು ನೀವ್ ಹೇಳ್ದಂಗೆ ಆಗ್ಲಿ. ಸದ್ದು ನಮ್ಮದಿರ್ಲಿ."

ಮೊದಲು ನಕ್ಕವರು ಮಾಸ್ತರರ ಹೆಂಡತಿ. ಆಮೇಲೆ ಎಲ್ಲರೂ. ಅಷ್ಟರಲ್ಲಿ ಬೀದಿಯಿಂದ ಬಸಮ್ಮನವರು ಬಾಗಿಲು ಬಡಿದರು. ಅವರ ಅಂಗಳದಲ್ಲಿ ಶ್ಯಾವಿಗೆ ಒಣಗಲು ಹಾಕಿತ್ತು.

"ಹುಸೇನಬೀ, ನಿಮ್ಮನೆ ಅಕ್ಷತೆ ನಮ್ಮ ಶ್ಯಾವಿಗಿ ಮ್ಯಾಲೆ ಬಿತ್ತಲ್ಲೇ. ಲಗ್ನ ಯಾವಾಗ?"

ಹೊರಗೆ ಬೀದಿ ಪೂರ್ತಿ ಬೆಳ್ಳಗಾಗಿತ್ತು. ಎದುರಿನ ಬೇವಿನ ಮರ ಮಳೆಗಾಲದಲ್ಲಿ ಬಿಳಿ ಹಕ್ಕಿ ಕೂತ ಗುಡವಿ ಪಕ್ಷಿಧಾಮದ ಮರದ ಹಾಗೆ ಕಾಣುತ್ತಿತ್ತು. ಇದು ಅವತ್ತೇ ನನಗೆ ಹೊಳೆದ ಹೋಲಿಕೆಯಾಗಿರಲಾರದು, ಗುಡವಿಯನ್ನು ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಅವತ್ತಿನ ಊಟ ಮಾತ್ರ ಸರಿಯಾಗಿ ನೆನಪಿದೆ. ಚೊಂಗೆ ಬರಲಿಲ್ಲ. ಬಸಮ್ಮನವರು ಕಳಿಸಿದ ಮೊಸರವಲಕ್ಕಿಯನ್ನು ಗಂಡಿನವರೂ ನಾವೂ ಕೂಡಿ ತಿಂದೆವು, ಎಲ್ಲರೂ ತಟ್ಟೆಯ ಮೇಲೆ ಅಂಗೈ ಮುಚ್ಚಿಕೊಂಡು. ಬೂರಗ ಬಿದ್ದು ಅಡುಗೆ ಕೆಟ್ಟಿತೆಂದು ನಾನು ತಿಳಿದುಕೊಂಡಿದ್ದೆ.

ಬಿಲ್ಲು ಸೊರಬಕ್ಕೆ ಹೋಯಿತು. ಬಸ್ಸಿನ ಮೇಲೆ ಕಟ್ಟಲು ಅಪ್ಪ ಒಪ್ಪದೆ, ಒಳಗೇ ಅಡ್ಡ ಹಿಡಿದುಕೊಂಡು ಹೋದ. ಕಂಡಕ್ಟರ್ ಅದಕ್ಕೂ ಟಿಕೆಟ್ ತಗೋ ಎಂದು ತಮಾಷೆ ಮಾಡಿದ. ಮಾಸ್ತರರ ಕಟ್ಟೆಯ ಮುಂದೆ ಶಾಲೆಯ ಹುಡುಗರು ಗುಂಪುಗೂಡಿದರು. ಅಪ್ಪ ಹೊಡೆದಾಗ ಯಾರೂ ಅಣಕಿಸಲಿಲ್ಲ, ನಿಜವಾದ ಸದ್ದು ಅಷ್ಟು ದೊಡ್ಡದು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ, ನಾನು ಹೊಡೀಲಾ ಎಂದು ಕೇಳಿದ. ಮಾಸ್ತರರು ಅವನನ್ನು ಕಟ್ಟೆ ಹತ್ತಿಸಿ, ಗುಂಡು ಹಿಡಿಯುವುದು ಹೇಗೆಂದು ತಾವೇ ತೋರಿಸಿದರು. ನಾನು ಇದನ್ನು ಅವ್ವನ ಪಕ್ಕ ನಿಂತು ನೋಡಿದ್ದೇನೆ. ಹಿಂದಿನ ಸಾಲಿನ ಟ್ರೊಂಯ್ ಆಮೇಲೆ ನಿಂತಿತೋ ಇಲ್ಲವೋ ಎಂದು ಕೇಳಿದಾಗಲೆಲ್ಲ ಮಾಸ್ತರರು, "ನಿಲ್ಲಲಿಲ್ಲ, ಈಗ ತಾಳ ಸರಿಯಾಗಿದೆ" ಅನ್ನುತ್ತಿದ್ದರು. ರಜೆಗೆ ಅತ್ತೆಯ ಮನೆಗೆ ಹೋದಾಗ ನನ್ನನ್ನು ಮರದಡಿ ಕೂರಿಸಿಕೊಂಡು ಪಾಠ ಹೇಳಿದವರು ಅವರೇ. ನಾನು ಮುಂದೆ ಸಸ್ಯಶಾಸ್ತ್ರ ಓದಿದ್ದು ಆ ಮರದಿಂದ. ನದಾಫ ಎಂಬ ಮಾತು ಹುಟ್ಟಿದ ಬೇರಿನಿಂದಲೇ ಅರಬ್ಬಿಯಲ್ಲಿ ಹಿಮ ಉದುರುವುದಕ್ಕೂ ಮಾತಿದೆ ಎಂದು ಹೇಳಿದವರೂ ಅವರೇ ಎಂದುಕೊಂಡಿದ್ದೇನೆ. ನಾನೇ ಯಾವುದೋ ನಿಘಂಟಿನಲ್ಲಿ ನೋಡಿ ಅವರ ಬಾಯಿಗೆ ಹಾಕಿರಲೂಬಹುದು.

ಈ ಕಥೆಯನ್ನು ನಾನು ಹೀಗೆಯೇ ಎಷ್ಟೋ ಜನರಿಗೆ ಹೇಳಿದ್ದೇನೆ. ಮಾಸ್ತರರು ಮೋಡದೊಳಗಿನಿಂದ ಅಪ್ಪಣೆ ಕೊಟ್ಟರು, ತಮ್ಮ ಕೈಯನ್ನು ತಾವೇ ಕಂಡುಕೊಂಡರು, ಅಜ್ಜಿ ಒಂದು ಮಾತಿನಿಂದ ಗೆದ್ದಳು. ಆಯಿಶಾಳಿಗೂ ಹೀಗೇ ಹೇಳಿದೆ. ಅವಳಿಗೆ ಬಹಳ ಹಿಡಿಸಿ, ಸೊರಬದಜ್ಜಿ ಖಾಸಿಂಬಿಯ ಬಾಯಿಂದಲೂ ಕೇಳಬೇಕು, ಫೋನಿನಲ್ಲಿ ಹಿಡಿದಿಡಬೇಕು ಎಂದಳು. ಇಬ್ಬರೂ ಬಸ್ಸು ಹತ್ತಿದೆವು. ಸೊರಬದ ಆ ಮನೆ ಈಗ ತಾರಸಿಯದು. ಬಾಷಾ ಮಾವ ಟೇಲರ್ ಅಂಗಡಿಯನ್ನು ಮಗನಿಗೆ ಬಿಟ್ಟು ಮಸೀದಿ, ಪೇಪರು ಎಂದು ಆರಾಮಾಗಿದ್ದಾರೆ. ಖಾಸಿಂಬಿ ಅತ್ತೆಗೆ ಮಂಡಿನೋವು, ಮಂಚದ ಮೇಲೇ ದರ್ಬಾರು. ಅಡುಗೆಮನೆಯಲ್ಲಿ ಸೊಸೆ ನಮಗಾಗಿ ಏನನ್ನೋ ಕರಿಯುತ್ತಿದ್ದಳು. ಚಹಾ ಮೊದಲೇ ಬಂದಿತ್ತು. ಆಯಿಶಾ ಫೋನು ಎತ್ತಿ ಹಿಡಿದಳು. ನಾನು ಕಥೆ ಶುರುಮಾಡಿದೆ, ಅತ್ತೆ ತಲೆಯಾಡಿಸುತ್ತಾ ಕೇಳಿದಳು. ಬಾಗಿಲು ಹಾಕ್ರಿ, ನೀರು ಚಿಮುಕಿಸ್ರಿ ಎಂದು ಮಾಸ್ತರರು ಕೂಗಿದ್ದಕ್ಕೆ ಬಂದಾಗ ಅತ್ತೆಯ ತಲೆ ನಿಂತಿತು.

"ಯಾರು ಕೂಗಿದ್ದು?"

"ಮಾಸ್ತರರು."

"ನಮ್ಮ ಮಾವ ಎಂತಕ್ಕೆ ಕೂಗ್ತಾರೆ? ಅವರ ಬಾಯ್ತುಂಬ ಬೂರಗ. ಕೂಗಿದ್ದು ನಾನು."

"ನೀನು ಒಳಗಿದ್ದೆಯಲ್ಲ ಅತ್ತೆ. ಮಾತಾಡಬಾರದು ಅಂತ ಅಜ್ಜಿ…"

"ಅಂದಿದ್ಲು. ನಾನು ಚೊಂಗೆ ಕರೀತಿದ್ದೆ. ನೋಡ್ತೀನಿ, ನಡುಕೋಣಿ ಬಾಗಿಲಾಗೆ ಬೂರಗ ತೇಲಿ ಬರ್ತೈತಿ, ಒಲೆ ಕಡಿಗೇನೇ. ಒಲೆ ಆರಿಸ್ರಿ ಅಂತ ಯಾರೂ ಹೇಳಿಲ್ಲ. ಎಣ್ಣಿ ಬಾಣ್ಲಿ ಕೆಳಗಿಳಿಸಿ, ಒಂದು ಕೊಡ ನೀರು ಒಲಿಗೆ ಸುರಿದೆ. ಆಮೇಲೆ ಕೂಗ್ದೆ. ಲಗ್ನ ಹೋದ್ರೆ ಹೋಗ್ಲಿ, ಮನಿ ಉಳೀಲಿ ಅಂತ."

ಮೊಸರವಲಕ್ಕಿ ನೆನಪಾಯಿತು. ಒದ್ದೆ ಒಲೆಯ ಮೇಲೆ ಚೊಂಗೆ ಹೇಗೆ ಬೇಯಬೇಕು. ಇಷ್ಟು ವರ್ಷ ಆ ತಟ್ಟೆ ನನ್ನ ನೆನಪಿನಲ್ಲಿ ಹಾಗೇ ಇತ್ತು, ನಾನೇ ಅದಕ್ಕೆ ಬೇರೆ ಕಾರಣ ಹಚ್ಚಿ ಮುಚ್ಚಿಟ್ಟಿದ್ದೆ.

"ಮಾಸ್ತರರಿಗೆ ಗೊತ್ತಿತ್ತಾ?" ಎಂದು ಆಯಿಶಾ ಕೇಳಿದಳು.

"ಹೋಗೋವಾಗ ಹಿತ್ತಲಿಗೆ ಕೈ ತೊಳಿಯಾಕೆ ಬಂದ್ರು. ಒಲೆ ಕಡೆ ನೋಡಿದ್ರು. ಬೂದಿ ನೀರು ಇನ್ನೂ ಹರೀತಿತ್ತು. ನಾನು ಬಾಗಿಲ ಹಿಂದೆ. 'ಒಲೆ ಆರಿಸಿದ್ದು ಹುಡುಗೀನಾ' ಅಂತ ನಮ್ಮವ್ವನ್ನ ಕೇಳಿದ್ರು. ಹೌದ್ರಿ ಅಂದ್ಲು. 'ಬಿಲ್ಲು ತನ್ನಿ ಹಾಂಗಾರೆ' ಅಂದ್ರು. ಒಪ್ಪಿದ್ದು ಅಲ್ಲಿ. ಒಳಗೆ ನಕ್ಕಿದ್ದು ನಕ್ಕಿದ್ದಷ್ಟೇ."

ನಾನು ಒಪ್ಪಲಿಲ್ಲ. ಒಳಗೊಳಗೇ ವಾದ ಹೂಡಿದೆ. ಮನುಷ್ಯರು ವಯಸ್ಸಾದಂತೆ ತಮ್ಮ ಕಥೆಯಲ್ಲಿ ತಾವು ದೊಡ್ಡವರಾಗುತ್ತಾರೆ, ನನ್ನ ದಿನಚರಿಗಳಲ್ಲೇ ಅದಕ್ಕೆ ಸಾಕ್ಷಿಯಿದೆ. ಅತ್ತೆಯೂ ಹಾಗೇ ಮಾಡುತ್ತಿರಬಹುದು. ಕೇಳಲು ಅಜ್ಜಿಯಿಲ್ಲ, ಮಾಸ್ತರರಿಲ್ಲ. ಬಾಷಾ ಮಾವನನ್ನು ಕೇಳಿದರೆ, "ನಾನು ಸೀನ್ತಿದ್ದೆ, ನಂಗೆ ಎಂತದೂ ಕೇಳ್ಸಲಿಲ್ಲ" ಎಂದು ಪೇಪರು ಮಗುಚಿದರು.

ಅತ್ತೆಯ ಮಂಚದ ಮೇಲೆ ಒಂದು ಹಳೇ ದಿಂಬಿತ್ತು. ಅದರ ಹೊಲಿಗೆ ಒಂದು ಮೂಲೆಯಲ್ಲಿ ಬಿಟ್ಟಿತ್ತು. ನಮ್ಮ ಮಾತಿನ ನಡುವೆ ಆಯಿಶಾ ಆ ತೂತಿಗೆ ಬೆರಳು ಹಾಕಿ ಎಳೆಯುತ್ತಾ ಕೂತಿದ್ದಳು. ನೋಡುತ್ತಿದ್ದಂತೆ ಹೊಲಿಗೆ ಪೂರ್ತಿ ಬಿಚ್ಚಿಕೊಂಡಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಒಂದು ಹಿಡಿ ಬಿಳಿ ಎದ್ದು ಮೆಲ್ಲಗೆ ಅಡುಗೆಮನೆಯ ಬಾಗಿಲ ಕಡೆ ತೇಲಿತು. ಮಂಡಿನೋವಿನ ಅತ್ತೆ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದಳು.

"ಮೊದ್ಲು ಗ್ಯಾಸ್ ಬಂದ್ ಮಾಡ್ರಿ. ಫ್ಯಾನ್ ಆರಿಸ್ರಿ. ಯಾರೂ ಓಡಾಡಬ್ಯಾಡ್ರಿ."

ಗಟ್ಟಿಯಾಗಿ, ಸ್ವಲ್ಪವೂ ಗಡಿಬಿಡಿಯಿಲ್ಲದೆ. ಒಳಗೆ ಎಣ್ಣೆಯ ಸದ್ದು ನಿಂತಿತು. ಆಯಿಶಾ ಕೈ ಹಾಗೇ ಗಾಳಿಯಲ್ಲಿಟ್ಟು ಕೂತಳು. ಬಾಷಾ ಮಾವನೂ ಪೇಪರು ಅಲುಗಿಸಲಿಲ್ಲ. ನಡುಕೋಣೆಯ ಬಾಗಿಲಿಗೆ ಒರಗಿ ನಿಂತ ಹುಡುಗಿಯ ಹಾಗೆ ನಾನು ಆ ದನಿಯನ್ನು ಕೇಳಿದೆ. ಬೂರಗ ಇಳಿಯಲು ಹೊತ್ತು ಹಿಡಿಯಿತು. ಎಲ್ಲರೂ ಕಾದೆವು. ಕೆಳಗೆ ನೋಡಿದರೆ ನನ್ನ ಎಡಗೈ ಚಹಾದ ಲೋಟವನ್ನು ಮುಚ್ಚಿ ಕೂತಿತ್ತು.